ಆಕರ ಮತ್ತು ಆಗರ: ಠಾಣೆ ಖಾಡಿಯ ನೆಲವೂ ಮುಂಬಯಿ ಕನ್ನಡ ವಿಮರ್ಶೆಯೂ

೧

ಸಂಶೋಧಕರು ದಿನನಿತ್ಯ ಬಳಸುವ ಪದಗಳಲ್ಲಿ ‘ಆಕರ’ವೂ ಒಂದು. ಆಕರ ಗ್ರಂಥ, ಆಕರ ಸಾಮಗ್ರಿ, ಪ್ರಾಥಮಿಕ ಆಕರ ಎಂದೆಲ್ಲ ನಾವು ಬರೆಯುತ್ತೇವೆ. ಈ ಪದಕ್ಕೆ ಸಂಸ್ಕೃತದಲ್ಲಿ ಗಣಿ ಎಂಬ ಅರ್ಥವಿದೆ. ನೆಲವನ್ನು ಅಗೆದು ಬೆಲೆಯುಳ್ಳದ್ದನ್ನು ತೆಗೆಯುವ ತಾಣವೇ ಆಕರ. ಆಕಾಶವು ಆಗಸವಾದ ಕ್ರಮದಲ್ಲಿಯೇ ಆಕರವು ಕನ್ನಡದಲ್ಲಿ ಆಗರವಾಯಿತು. ಉತ್ತರ ಕನ್ನಡದ ಕರಾವಳಿಯಲ್ಲಿ ಸಮುದ್ರದ ನೀರನ್ನು ಪಾತಿಗೆ ಹಾಯಿಸಿ ಉಪ್ಪು ತೆಗೆಯುವ ಬಯಲಿಗೆ ಇಂದಿಗೂ ‘ಉಪ್ಪಿನ ಆಗರ’ವೆಂದೇ ಹೆಸರು. ಮರಾಠಿಯಲ್ಲಿ ಅದು ‘ಆಗರ್’, ‘ಮಿಠಾಗರ್’. ಠಾಣೆ, ಕಲ್ಯಾಣ, ಪನವೇಲ, ಉರಣ ಪರಿಸರದಲ್ಲಿ ಉಪ್ಪನ್ನೂ ಭತ್ತವನ್ನೂ ತೆಗೆದ ಆಗ್ರಿ ಸಮುದಾಯದ ಹೆಸರು ಈ ಆಗರದಿಂದಲೇ ಬಂದಿತೆಂಬುದು ರೂಢಿಯಲ್ಲಿರುವ ವಿವರಣೆ. ೧೮೮೨ರ ಠಾಣಾ ಗೆಝೆಟಿಯರು ಆಗ್ರಿಗಳನ್ನು ಹೇಳುವಂತೆಯೇ ಮರುವರ್ಷದ ಕೆನರಾ ಗೆಝೆಟಿಯರು ಉಪ್ಪು ತೆಗೆಯುವ ‘ಆಗೇರ’ರನ್ನು ಹೇಳುತ್ತದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆಗೇರರ ಹೆಸರು ಇಂದಿಗೂ ಇದೆ. ಕೊಂಕಣ ತೀರದ ಎರಡು ತುದಿಗಳಲ್ಲಿ, ಎರಡು ಭಾಷೆಗಳಲ್ಲಿ, ಎರಡು ಸಮುದಾಯಗಳು ಒಂದೇ ಕಸುಬಿನ ಹೆಸರನ್ನು ಹೊತ್ತು ಬಂದಿವೆ.

ಒಂದೇ ಪದದ ಈ ಎರಡು ರೂಪಗಳ ನಡುವೆ ಬೆಳೆದಿರುವ ದೂರವೇ ಪ್ರಸ್ತುತ ಲೇಖನದ ವಿಷಯ. ಠಾಣೆ ಖಾಡಿಯ ಸುತ್ತಲಿನ ನೆಲವನ್ನು, ಅಂದರೆ ಇಂದಿನ ಠಾಣೆ, ಕಲ್ಯಾಣ, ಡೊಂಬಿವಿಲಿ ಮತ್ತು ನವಿ ಮುಂಬಯಿಗಳನ್ನು ಕುರಿತು ಕನ್ನಡವು ಎರಡು ಬಗೆಯ ಬರವಣಿಗೆಯನ್ನು ಮಾಡಿದೆ. ಶಾಸನ ಮತ್ತು ಸ್ಥಳನಾಮಗಳ ಸಂಶೋಧನೆ ಒಂದು. ಅದು ‘ನಾವು ಹಿಂದೆ ಇಲ್ಲಿದ್ದೆವು’ ಎನ್ನುತ್ತದೆ. ವಲಸೆ ಬಂದವರ ಕಥನ ಇನ್ನೊಂದು. ಅದು ‘ನಾವು ಈಚೆಗೆ ಇಲ್ಲಿಗೆ ಬಂದೆವು’ ಎನ್ನುತ್ತದೆ. ಈ ಹಿಂದಣ ಮತ್ತು ಈಚಣ ಕಾಲಗಳ ನಡುವೆ ಎಂದೂ ಇಲ್ಲಿಯೇ ಇದ್ದವರು, ಆಗ್ರಿಗಳು, ಕೋಳಿಗಳು, ವಾರ್ಲಿಗಳು, ಕಾತ್ಕರಿಗಳು, ನಮ್ಮ ಬರವಣಿಗೆಯಿಂದ ಜಾರಿಹೋಗಿದ್ದಾರೆ. ಈ ಲೋಪಕ್ಕೆ ಲೇಖಕರಿಗಿಂತ ಹೆಚ್ಚಾಗಿ ವಿಮರ್ಶೆಯ ಪರಿಭಾಷೆಯೇ ಹೊಣೆಯೆಂಬುದು ಇಲ್ಲಿಯ ವಾದ.

೨

ಮೊದಲು ಶಾಸನಗಳ ಕಡೆಗೆ ನೋಡೋಣ. ಸಾಷ್ಟಿ ದ್ವೀಪದ ಕಾನ್ಹೇರಿ ಗುಹೆಗಳಲ್ಲಿರುವ ೯ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಬರುತ್ತದೆ. ಅವನ ಸಾಮಂತರಾಗಿ ಕೊಂಕಣವನ್ನಾಳಿದ ಶಿಲಾಹಾರ ಪುಲ್ಲಶಕ್ತಿ, ಕಪರ್ದಿಯರ ಹೆಸರುಗಳೂ ಬರುತ್ತವೆ. ಕವಿರಾಜಮಾರ್ಗದ ಅರಸನೇ ಈ ಅಮೋಘವರ್ಷ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡನ್ನು ಗುರುತಿಸಿದ ಗ್ರಂಥವು ಅವನ ಆಸ್ಥಾನದಲ್ಲಿ ಹುಟ್ಟಿದ ಕಾಲದಲ್ಲಿಯೇ ಠಾಣೆಯ ಪಕ್ಕದ ಗುಹೆಗಳಲ್ಲಿ ಅವನ ಹೆಸರು ಕಲ್ಲಿಗೇರಿತು. ಕಲ್ಯಾಣದ ಸಮೀಪದ ಅಂಬರನಾಥ ದೇವಾಲಯದ ಶಾಸನವು ಶಕ ೯೮೨ರದು, ಎಂದರೆ ಕ್ರಿ.ಶ. ೧೦೬೦ರದು, ಅದು ಶಿಲಾಹಾರ ಮುಮ್ಮುಣಿಯ ಕಾಲಕ್ಕೆ ಸೇರಿದೆ. ಉತ್ತರ ಕೊಂಕಣದ ಶಿಲಾಹಾರರ ಬಿರುದಾವಳಿಯಲ್ಲಿ ಕನ್ನಡ ಬಿರುದುಗಳಿರುವುದನ್ನು ವಿದ್ವಾಂಸರು ಬಹುಕಾಲದಿಂದ ಗಮನಿಸಿದ್ದಾರೆ. ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಕುರುಹುಗಳನ್ನು ಅರಸಿದ ಬಗೆಯಂತೂ ನಮ್ಮ ಸಂಶೋಧನ ಪರಂಪರೆಯ ಒಂದು ಸಾಹಸವೇ ಸರಿ.

ಈ ಅಧ್ಯಯನಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇವು ಶಾಸನಕ್ಕೆ ಕೇಳಿದ ಪ್ರಶ್ನೆ ಬಹುಮಟ್ಟಿಗೆ ಒಂದೇ: ಇದರ ಭಾಷೆ ಯಾರದು, ಅರಸು ಯಾರವನು? ಅದೇ ಶಾಸನಕ್ಕೆ ಕೇಳಬಹುದಾಗಿದ್ದ ಮತ್ತೊಂದು ಪ್ರಶ್ನೆಯೆಂದರೆ, ದಾನವಾಗಿ ಹೋದ ಆ ನೆಲದಲ್ಲಿ ಆಗ ಇದ್ದವರು ಯಾರು? ದಾನಶಾಸನದ ಸ್ವರೂಪವೇ ಈ ಪ್ರಶ್ನೆಯನ್ನು ಮುಚ್ಚಿಹಾಕುವಂಥದು. ಶಿಲಾಹಾರರ ತಾಮ್ರಪಟಗಳು ಊರನ್ನು ಹುಲ್ಲು, ಕಟ್ಟಿಗೆ, ನೀರುಗಳ ಸಮೇತ ಕೊಡುತ್ತವೆ. ವಿಜಯನಗರ ಕಾಲದ ಕನ್ನಡ ಶಾಸನಗಳಲ್ಲಿ ಈ ಪದ್ಧತಿಯು ‘ಅಷ್ಟಭೋಗ ತೇಜಃಸ್ವಾಮ್ಯ’ವೆಂಬ ಪರಿಪೂರ್ಣ ಪರಿಭಾಷೆಯಾಗಿ ನಿಲ್ಲುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಹಣ, ನೀರು, ಕಲ್ಲು, ಇಂದಿನ ಹುಟ್ಟುವಳಿ, ಮುಂದೆ ಆಗಬಹುದಾದ ಹುಟ್ಟುವಳಿ ಇವೆಲ್ಲವೂ ದಾನ ಪಡೆದವನಿಗೆ ಸಲ್ಲುತ್ತವೆ. ನೆಲದಿಂದ ತೆಗೆಯಬಹುದಾದ ಪ್ರತಿಯೊಂದನ್ನೂ ಹೆಸರಿಸುವ ಈ ಪಟ್ಟಿಯಲ್ಲಿ ಅದನ್ನು ತೆಗೆಯುವ ಕೈಗೆ ಸ್ಥಾನವಿಲ್ಲ.

ಈ ಮೌನವನ್ನು ಒಂದು ಬಗೆಯ ಕಲ್ಲು ಮಾತ್ರ ತುಸು ಕದಡುತ್ತದೆ. ಉತ್ತರ ಕೊಂಕಣದಲ್ಲಿ ಅಲ್ಲಲ್ಲಿ ದೊರೆಯುವ ‘ಗಧೇಗಾಳ’ ಶಿಲೆಗಳಲ್ಲಿ ದಾನವನ್ನು ಮೀರಿದವನ ಮನೆತನಕ್ಕೆ ಕತ್ತೆಯ ಹೆಸರಿನಲ್ಲಿ ಅಶ್ಲೀಲ ಶಾಪವನ್ನು ಹಾಕಲಾಗಿದೆ. ಓದುಬರಹ ಬಾರದವರಿಗೂ ತಿಳಿಯಲೆಂದು ಅದನ್ನು ಚಿತ್ರವಾಗಿಯೂ ಕೆತ್ತಲಾಗಿದೆ. ಇಷ್ಟು ಉಗ್ರವಾದ ಶಾಪ ಬೇಕಾಯಿತೆಂದರೆ ನೆಲದ ಮೇಲಿನ ಹಕ್ಕು ಆಗಲೂ ನಿರ್ವಿವಾದವಾಗಿರಲಿಲ್ಲವೆಂದೇ ಅರ್ಥ. ಶಿಲೆಯ ಭಾಷೆ ಯಾವುದೆಂದು ಕೇಳಿ ಮುಂದೆ ಸಾಗುವ ನಾವು ಆ ಹೆದರಿಕೆ ಯಾರನ್ನು ಉದ್ದೇಶಿಸಿತ್ತೆಂದು ಕೇಳುವುದಿಲ್ಲ.

೩

ಶಾಸನಗಳ ಕಾಲದಿಂದ ನೇರವಾಗಿ ಆಧುನಿಕ ಕಾಲಕ್ಕೆ ಬರುವ ಮೊದಲು ಈ ನೆಲದ ಸ್ವಭಾವವನ್ನು ಹೊರಗಿನ ಓದುಗರು ತಿಳಿಯುವುದು ಅವಶ್ಯ. ಖಾಡಿಯೆಂದರೆ ಒಳನಾಡಿನೊಳಗೆ ಚಾಚಿಕೊಂಡ, ಉಬ್ಬರವಿಳಿತಕ್ಕೆ ಒಳಪಟ್ಟ ಸಮುದ್ರದ ತೋಳು. ಸಾಷ್ಟಿಯನ್ನು ಮುಖ್ಯ ಭೂಭಾಗದಿಂದ ಬೇರ್ಪಡಿಸುವ ಠಾಣೆ ಖಾಡಿ, ಕಲ್ಯಾಣ–ಡೊಂಬಿವಿಲಿಗಳ ಮಗ್ಗುಲಲ್ಲಿ ಹರಿದು ಕಡಲನ್ನು ಸೇರುವ ಉಲ್ಹಾಸ ನದಿ, ಇವೆರಡರ ದಂಡೆಗಳಲ್ಲಿ ತಲೆಮಾರುಗಳಿಂದ ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದು ಗದ್ದೆ ಮಾಡಿದ ಜಮೀನಿದೆ. ಇದಕ್ಕೆ ‘ಖಾರ್’ ಜಮೀನೆನ್ನುತ್ತಾರೆ. ಮಳೆಗಾಲದಲ್ಲಿ ಮಳೆಯ ನೀರು ಉಪ್ಪನ್ನು ತೊಳೆದ ಮೇಲೆ ಭತ್ತ, ತೂಬಿನ ಬಾಯಲ್ಲಿ ಮೀನು, ಬೇಸಿಗೆಯಲ್ಲಿ ಪಕ್ಕದ ಪಾತಿಗಳಲ್ಲಿ ಉಪ್ಪು: ನೆಲ, ನೀರು ಎಂದು ಬೇರ್ಪಡಿಸಲಾಗದ ಈ ಬಯಲು ಮೂರು ಬಗೆಯ ಅನ್ನವನ್ನು ಕೊಡುತ್ತಿತ್ತು. ಒಡ್ಡು ಒಡೆದರೆ ಒಬ್ಬನ ಗದ್ದೆಯಷ್ಟೇ ಹಾಳಾಗುವುದಿಲ್ಲ. ಆದುದರಿಂದ ಅದನ್ನು ಕಾಯುವುದು ಊರೊಟ್ಟಿನ ಕೆಲಸ.

ಅಘನಾಶಿನಿಯ ಅಳಿವೆಯನ್ನು ಬಲ್ಲ ಕನ್ನಡಿಗರಿಗೆ ಈ ವರ್ಣನೆ ಅಪರಿಚಿತವೆನಿಸದು. ಅಲ್ಲಿಯ ಗಜನಿ ಗದ್ದೆ, ಉಪ್ಪುನೀರನ್ನು ತಾಳುವ ಕಗ್ಗ ಭತ್ತ, ಸಾಣಿಕಟ್ಟಾದ ಉಪ್ಪಿನ ಆಗರ ಇವೆಲ್ಲವೂ ಇದೇ ಬಾಳಿನ ದಕ್ಷಿಣದ ರೂಪಗಳು. ನಮ್ಮ ‘ಗಜನಿ’ಗೂ ಮರಾಠಿ–ಕೊಂಕಣಿಗಳ ‘ಖಾಜಣ’ಕ್ಕೂ ಇರುವ ಧ್ವನಿಸಾಮ್ಯ ಗಮನಾರ್ಹ. ೧೯೫೬ರವರೆಗೆ ಉತ್ತರ ಕನ್ನಡವೂ ಠಾಣೆಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ಪ್ರಾಂತವು ೧೯೪೮ರಲ್ಲಿ ಖಾರ್ ಜಮೀನುಗಳಿಗಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು.

ಈ ಬಯಲಿನ ಆಧುನಿಕ ಚರಿತ್ರೆಯು ಪಡೆದುಕೊಳ್ಳುವಿಕೆಯ ಚರಿತ್ರೆ. ೧೮೫೩ರಲ್ಲಿ ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರದಿಂದ ಠಾಣೆಗೆ ಬಂದಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ವಸಾಹತು ಸರಕಾರವು ಅರಣ್ಯಗಳನ್ನು ಕಾಯ್ದಿರಿಸಿದಾಗ ಕಾಚು ಕಾಯಿಸಿ ಬದುಕುತ್ತಿದ್ದ ಕಾತ್ಕರಿಗಳ ಕಸುಬು ಕೈತಪ್ಪಿತು. ‘ಕಾತ್’ ಎಂದರೆ ಕಾಚು. ಕಸುಬು ಹೋದರೂ ಹೆಸರು ಉಳಿಯಿತು. ಮುಂದೆ ಅವರು ಇದ್ದಿಲ ಭಟ್ಟಿ, ಇಟ್ಟಿಗೆ ಭಟ್ಟಿಗಳ ಕೂಲಿಗಳಾದರು. ೧೯೩೦ರ ಸೆಪ್ಟೆಂಬರ್ ೨೫ರಂದು ಉರಣದ ಬಳಿಯ ಚಿರ್ನೇರಿನಲ್ಲಿ ಜಂಗಲ್ ಸತ್ಯಾಗ್ರಹಿಗಳ ಮೇಲೆ ಗೋಲಿಬಾರು ನಡೆಯಿತು. ೧೯೩೩ರಲ್ಲಿ ಅಲಿಬಾಗ ತಾಲೂಕಿನ ಚರಿಯಲ್ಲಿ ನಾರಾಯಣ ನಾಗು ಪಾಟೀಲರ ಮುಂದಾಳುತನದಲ್ಲಿ ಗೇಣಿದಾರರು ಖೋತರ ಗದ್ದೆಗಳನ್ನು ಉಳಲು ನಿರಾಕರಿಸಿದರು. ಆ ಮುಷ್ಕರ ವರ್ಷಗಟ್ಟಲೆ ನಡೆಯಿತು. ೧೯೪೫ರಲ್ಲಿ ಠಾಣೆ ಜಿಲ್ಲೆಯ ಉತ್ತರ ಭಾಗದಲ್ಲಿ ವಾರ್ಲಿಗಳು ಬಿಟ್ಟಿಯ ವಿರುದ್ಧವೂ ಹುಲ್ಲು ಕೊಯ್ಯುವ ಕೂಲಿಗಾಗಿಯೂ ಎದ್ದು ನಿಂತರು. ಮದುವೆಗೆಂದು ತೆಗೆದ ಸಾಲಕ್ಕೆ ಗಂಡಹೆಂಡಿರಿಬ್ಬರೂ ಜೀತಕ್ಕೆ ಬೀಳುವ ‘ಲಗ್ನಗಡಿ’ ಪದ್ಧತಿ ಅಲ್ಲಿ ಆಗ ನಡೆದಿತ್ತು. ಆ ಭಾಗವು ೨೦೧೪ರಿಂದ ಪಾಲಘರ ಜಿಲ್ಲೆಯಾಗಿದೆ.

ಸ್ವಾತಂತ್ರ್ಯಾನಂತರ ಪಡೆದುಕೊಳ್ಳುವಿಕೆ ನಿಲ್ಲಲಿಲ್ಲ; ಪ್ರಮಾಣ ಬದಲಾಯಿತು. ೧೯೬೪ರಲ್ಲಿ ಡೊಂಬಿವಿಲಿಯಲ್ಲಿ ಕೈಗಾರಿಕಾ ವಸಾಹತು ಬಂದಿತು. ೧೯೭೦ರ ಮಾರ್ಚಿನಲ್ಲಿ ಸಿಡ್ಕೊ ಸ್ಥಾಪನೆಯಾಗಿ, ಠಾಣೆ ಮತ್ತು ಆಗ ಕುಲಾಬಾ ಎನಿಸಿಕೊಂಡಿದ್ದ ರಾಯಗಡ ಜಿಲ್ಲೆಗಳ ೯೫ ಹಳ್ಳಿಗಳನ್ನೊಳಗೊಂಡ ೩೪೪ ಚದರ ಕಿಲೋಮೀಟರು ಪ್ರದೇಶದಲ್ಲಿ ಹೊಸ ನಗರದ ಯೋಜನೆ ಮೊದಲಾಯಿತು. ಪರಿಹಾರದ ದರವನ್ನು ಕುರಿತ ಹೋರಾಟವು ೧೯೮೪ರ ಜನವರಿಯಲ್ಲಿ ಉರಣದ ಜಾಸಯಿ ಬಳಿ ಗೋಲಿಬಾರಿನಲ್ಲಿ ಐವರ ಸಾವಿಗೆ ಮುಟ್ಟಿತು. ಡಿ. ಬಿ. ಪಾಟೀಲರ ನಾಯಕತ್ವದ ಆ ಹೋರಾಟದ ಫಲವಾಗಿಯೇ ವಶಪಡಿಸಿಕೊಂಡ ಜಮೀನಿನ ನೂರಕ್ಕೆ ಹನ್ನೆರಡೂವರೆ ಪಾಲಿನಷ್ಟು ಅಭಿವೃದ್ಧಿಗೊಂಡ ನೆಲವನ್ನು ಮೂಲ ರೈತರಿಗೆ ಮರಳಿಸುವ ಯೋಜನೆ ೧೯೯೦ರ ದಶಕದಲ್ಲಿ ಜಾರಿಗೆ ಬಂದಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪರಿಹಾರವು ‘ಸಾತ್‌ಬಾರಾ’ ಉತಾರದಲ್ಲಿ ಹೆಸರಿದ್ದವನಿಗೆ ಸಲ್ಲುತ್ತದೆ. ಬೇರೆಯವರ ಪಾತಿಯಲ್ಲಿ ಉಪ್ಪು ಎಳೆದವನಿಗೆ, ಇಳಿತದ ಕೆಸರಿನಲ್ಲಿ ಚಿಪ್ಪು ಆರಿಸಿದವಳಿಗೆ, ಖಾಡಿಯಲ್ಲಿ ಬಲೆ ಕಟ್ಟಿದ ಕೋಳಿಗೆ, ಬೆಟ್ಟದ ಬುಡದ ಕಾತ್ಕರಿಗೆ ಉತಾರವೇ ಇಲ್ಲ. ಮಧ್ಯಕಾಲದ ದಾನಶಾಸನವೂ ಆಧುನಿಕ ಭೂಸ್ವಾಧೀನದ ನೋಟೀಸೂ ಈ ಒಂದು ಅಂಶದಲ್ಲಿ ಒಂದೇ ವರ್ಗಕ್ಕೆ ಸೇರುತ್ತವೆ: ಎರಡೂ ಒಡೆತನವನ್ನು ಓದುತ್ತವೆ, ಬದುಕನ್ನು ಓದುವುದಿಲ್ಲ. ೧೯೮೯ರಲ್ಲಿ ಉದ್ಘಾಟನೆಗೊಂಡ ನ್ಹಾವಾ–ಶೇವಾ ಬಂದರಿಗಾಗಿ ಎತ್ತಂಗಡಿಯಾದ ಶೇವಾ ಕೋಳಿವಾಡದ ಮೀನುಗಾರರು ಪುನರ್ವಸತಿಯ ಹನುಮಾನ್ ಕೋಳಿವಾಡದಲ್ಲಿ ಗೆದ್ದಲು ತಿಂದ ಮನೆಗಳಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ಈ ಓದಿನ ಕ್ರಮಕ್ಕೆ ಅಪವಾದವೆನ್ನಬಹುದಾದ ಒಂದು ಪಠ್ಯ ೨೦೧೫ರ ಫೆಬ್ರವರಿಯದು. ಉರಣ ಪರಿಸರದ ೧,೬೩೦ ಮೀನುಗಾರ ಕುಟುಂಬಗಳಿಗೆ ೯೫ ಕೋಟಿ ರೂಪಾಯಿಗೂ ಮಿಕ್ಕಿದ ಪರಿಹಾರವನ್ನು ಕೊಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು ಆಗ ಆದೇಶಿಸಿತು. ಉಬ್ಬರವಿಳಿತದ ನೀರಿನ ಮೇಲೆ ಉತಾರವಿಲ್ಲದವನಿಗೂ ಬಾಳಿನ ಹಕ್ಕುಂಟೆಂಬ ವಿಚಾರ ಅದರಲ್ಲಿ ಅಡಕವಾಗಿದೆ.

ಚರಿತ್ರೆ ಇನ್ನೂ ಮುಗಿದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಪಟ್ಟಿಗೆಂದು ತೆಗೆದುಕೊಂಡ ಕಲ್ಯಾಣ ಬಳಿಯ ನೇವಾಳಿಯ ಜಮೀನಿಗಾಗಿ ಮೊಮ್ಮಕ್ಕಳ ತಲೆಮಾರು ೨೦೧೭ರ ಜೂನಿನಲ್ಲಿ ಬೀದಿಗಿಳಿಯಿತು. ಉಲವೆಯ ಬೆಟ್ಟವನ್ನು ಕಡಿದು, ನದಿಯ ಪಾತ್ರವನ್ನು ತಿರುಗಿಸಿ, ಹತ್ತು ಹಳ್ಳಿಗಳನ್ನು ಎತ್ತಿ ಕಟ್ಟಿದ ನವಿ ಮುಂಬಯಿ ವಿಮಾನ ನಿಲ್ದಾಣದ ಉದ್ಘಾಟನೆ ೨೦೨೫ರ ಅಕ್ಟೋಬರಿನಲ್ಲಾಯಿತು, ಅದಕ್ಕೆ ಡಿ. ಬಿ. ಪಾಟೀಲರ ಹೆಸರಿಡಬೇಕೆಂದು ೨೦೨೧ರಲ್ಲಿ ಸಾವಿರಾರು ಜನ ಸೇರಿದ್ದರು. ನೆಲ ಹೋದ ಮೇಲೆ ಹೆಸರನ್ನಾದರೂ ಉಳಿಸಿಕೊಳ್ಳುವ ಈ ಹಂಬಲವನ್ನು ಸ್ಥಳನಾಮಗಳ ಅಧ್ಯಯನ ಮಾಡುವ ನಾವು ಬೇಗ ಅರ್ಥಮಾಡಿಕೊಳ್ಳಬೇಕು. ಲೋಕಲ್ ಗಾಡಿಯ ಕಿಟಕಿಯಿಂದ ದಿನವೂ ಕಾಣುವ ಮುಂಬ್ರಾದ ರೇತಿಬಂದರ್ ಎಂದರೆ ಮರಳಿನ ಬಂದರು. ಖಾಡಿಯ ತಳದಿಂದ ಬಗೆದ ಮರಳು ದಡಕ್ಕೆ ಬಿದ್ದ ಜಾಗ.

೪

ಇನ್ನು ಸಾಹಿತ್ಯದ ವಿಚಾರ. ಮುಂಬಯಿ ಕನ್ನಡ ಕಥನದ ಮೂವರು ಪ್ರಮುಖರನ್ನು ಇಲ್ಲಿ ತೆಗೆದುಕೊಳ್ಳೋಣ. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ರಾಸಾಯನಿಕ ಉದ್ಯಮದ ಅಧಿಕಾರಿಯೊಬ್ಬನು ಆಪಾದನೆಗೆ ಗುರಿಯಾಗಿ ಬೇಟೆಯ ಮಿಗವಾಗುವ ಕಥೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ವು ಮುಂಬಯಿಯ ಕಾರ್ಮಿಕ ಸಂಘಟನೆಯ ಲೋಕವನ್ನು ವಸ್ತುವಾಗಿಸಿಕೊಂಡು ೧೯೮೬ರಲ್ಲಿ ಸಾಹಿತ್ಯ ಅಕಾದೆಮಿ ಪ್ರಶಸ್ತಿಯನ್ನು ಪಡೆಯಿತು. ಜಯಂತ ಕಾಯ್ಕಿಣಿಯವರ ಕಥೆಗಳು ಚಾಳು, ಚಿತ್ರಮಂದಿರ, ಆಸ್ಪತ್ರೆ, ಲೋಕಲ್ ಗಾಡಿಗಳಲ್ಲಿ ಹೆಸರಿಲ್ಲದವರ ನಡುವೆ ಹುಟ್ಟುವ ಅಕ್ಕರೆಯನ್ನು ಹಿಡಿದಿವೆ.

ಮೂವರೂ ನಗರವನ್ನು ಕೂಲಂಕಷವಾಗಿ ಕಂಡವರು. ಆದರೆ ನೆಲದ ದೃಷ್ಟಿಯಿಂದ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. ಚಿತ್ತಾಲರ ಹುಟ್ಟೂರು ಹನೇಹಳ್ಳಿ; ಕಾಯ್ಕಿಣಿಯವರದು ಗೋಕರ್ಣ. ಎರಡೂ ಊರುಗಳು ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಸಮೀಪದವು. ಚಿತ್ತಾಲರ ಹನೇಹಳ್ಳಿಯ ಕಥೆಗಳಲ್ಲಿ ಬೇಲಿ, ಗದ್ದೆ, ಹೊಳೆ, ಮನೆತನ ಪ್ರತಿಯೊಂದಕ್ಕೂ ಹೆಸರಿದೆ. ‘ಮೂರು ದಾರಿಗಳು’ (೧೯೬೪) ಕಾದಂಬರಿಯ ಲೋಕ ಉತ್ತರ ಕನ್ನಡದ ಮಣ್ಣಿನಲ್ಲಿ ಬೇರುಬಿಟ್ಟದ್ದು. ಅದೇ ಲೇಖಕರ ಮುಂಬಯಿಯಲ್ಲಿ ಕೋಣೆ, ಕಚೇರಿ, ರಸ್ತೆಗಳಿವೆ, ಅವುಗಳಡಿಯ ಮಣ್ಣಿಲ್ಲ. ಸ್ಮೃತಿಗೆ ನೆಲವಿದೆ, ವರ್ತಮಾನಕ್ಕೆ ವಿಳಾಸವಷ್ಟೇ ಇದೆ. ಉಪ್ಪಿನ ಆಗರದ ಪಕ್ಕದಿಂದ ಬಂದ ಸಂವೇದನೆಯು ಉಪ್ಪಿನ ಆಗರಗಳ ಮೇಲೆಯೇ ಹಬ್ಬುತ್ತಿದ್ದ ಮಹಾನಗರದಲ್ಲಿ ಉಪ್ಪನ್ನು ಗುರುತಿಸಲಿಲ್ಲ. ‘ಶಿಕಾರಿ’ಯಲ್ಲಿ ಬೇಟೆಯು ಉದ್ಯಮ ಜಗತ್ತಿನ ಕ್ರೌರ್ಯಕ್ಕೆ ಸಮರ್ಥವಾದ ರೂಪಕವಾಗಿದೆ. ಕಾಡಿನ ಬದುಕು ಹೀಗೆ ಪೂರ್ತಿಯಾಗಿ ರೂಪಕವಾದಾಗ ಮಹಾನಗರದ ಅಂಚಿನಲ್ಲಿ ನಿಜವಾಗಿ ಬೇಟೆಯಾಡಿ ಬದುಕಿದ, ಈಗ ಕಾಡನ್ನು ಕಳೆದುಕೊಂಡ ಜನರು ಕಣ್ಮರೆಯಾಗುತ್ತಾರೆ.

ಕೃತಿಯೊಂದು ಬರೆಯದೆ ಬಿಟ್ಟದ್ದನ್ನು ಹಿಡಿದು ಅದನ್ನು ತೂಗುವುದು ನ್ಯಾಯವಲ್ಲವೆಂಬ ಆಕ್ಷೇಪಣೆ ಇಲ್ಲಿ ಸಹಜ. ಆಕ್ಷೇಪಣೆ ಸರಿಯಾದುದೇ. ‘ಶಿಕಾರಿ’ಯ ವಸ್ತು ಬೇರೆ, ಅದರ ಸಾಧನೆಯೂ ಬೇರೆ. ಕಾಯ್ಕಿಣಿಯವರಂತೂ ಚಿತ್ರಮಂದಿರದ ಕಸ ಗುಡಿಸುವವನನ್ನು ಕಥೆಯ ನಡುವೆ ನಿಲ್ಲಿಸಿದವರು. ಉಪೇಕ್ಷಿತರ ಕಡೆಗೆ ಅವರ ಕಣ್ಣು ಕುರುಡೆಂದು ಯಾರೂ ಹೇಳಲಾರರು. ಆದುದರಿಂದ ಪ್ರಶ್ನೆಯನ್ನು ಕೃತಿಗಳಿಗಲ್ಲದೆ ಅವುಗಳನ್ನು ಓದಿದ ನಮಗೆ ಹಾಕಿಕೊಳ್ಳುವುದು ಯುಕ್ತ. ಅರ್ಧ ಶತಮಾನದ ಈ ಕಥನವನ್ನು ವಿಮರ್ಶೆಯು ಯಾವ ಪದಗಳಲ್ಲಿ ಓದಿತು? ನವ್ಯ ವಿಮರ್ಶೆಗೆ ಇದು ಅನಾಥಪ್ರಜ್ಞೆ, ಪರಕೀಯತೆ, ವ್ಯಕ್ತಿಯ ಅಸ್ತಿತ್ವದ ಪ್ರಶ್ನೆ. ಆ ಬಳಿಕದ ವಿಮರ್ಶೆಗೆ ಇದು ವರ್ಗ, ನಗರ, ವಲಸೆ. ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಇದು ‘ಹೊರನಾಡ ಕನ್ನಡಿಗರ ಸಾಧನೆ’. ಎಲ್ಲದರ ಬೆನ್ನಿಗೂ ‘ಒಳನಾಡು–ಹೊರನಾಡು’ ಎಂಬ ಒಂದೇ ಜೋಡಿ ನಿಂತಿದೆ.

‘ಹೊರನಾಡು’ ಎಂಬ ಪದ ನೋಡಲು ನಿರುಪದ್ರವಿ. ಆದರೆ ಅದು ನೆಲ ಒಂದನ್ನು ಅದಕ್ಕೆ ಹೊರತಾದ ನೆಲೆಯಿಂದ ಹೆಸರಿಸುತ್ತದೆ. ಠಾಣೆಯು ನಮಗೆ ಕರ್ನಾಟಕದ ‘ಹೊರಗೆ’ ಎಂಬಷ್ಟಕ್ಕೆ ನಿಂತುಬಿಟ್ಟರೆ ಠಾಣೆಗೂ ಒಂದು ‘ಒಳಗು’ ಇದೆಯೆಂಬುದು ಹೊಳೆಯುವುದೇ ಇಲ್ಲ. ಆ ನೆಲವು ನಮ್ಮ ದುಃಖಕ್ಕೋ ಯಶಸ್ಸಿಗೋ ರಂಗವಾಗುತ್ತದೆ. ರಂಗದ ಹಲಗೆ ಯಾವ ಮರದ್ದೆಂದು ನಾಟಕ ನೋಡುವವನು ಕೇಳುವುದಿಲ್ಲ.

೫

ಈ ಕೇಳದಿರುವಿಕೆಗೆ ಒಂದು ರಾಜಕೀಯ ಕಾರಣವೂ ಇದೆ. ೧೯೬೬ರಲ್ಲಿ ಸ್ಥಾಪನೆಯಾದ ಶಿವಸೇನೆಯ ಮೊದಲ ಚಳವಳಿಗಳು ದಕ್ಷಿಣದಿಂದ ಬಂದವರ ವಿರುದ್ಧ ‘ಭೂಮಿಪುತ್ರ’ ಎಂಬ ಪದವನ್ನು ಎತ್ತಿದವು. ಉಡುಪಿ ಹೋಟೆಲುಗಳ ಒಡೆಯರಿಂದ ಕಚೇರಿಯ ಗುಮಾಸ್ತರವರೆಗೆ ಮುಂಬಯಿ ಕನ್ನಡಿಗರು ಆ ಪದವನ್ನು ಬೆದರಿಕೆಯಾಗಿಯೇ ಕೇಳಿದರು. ಅದು ಸಹಜವೂ ಆಗಿತ್ತು. ಆದರೆ ಅದೇ ಕಾಲದಲ್ಲಿ, ಖಾಡಿಯ ಆಚೆಯ ದಡದಲ್ಲಿ, ಅದೇ ಪದವನ್ನು ಆಗ್ರಿ–ಕೋಳಿ ರೈತರು ಬೇರೊಂದು ಅರ್ಥದಲ್ಲಿ ನುಡಿಯುತ್ತಿದ್ದರು. ಒಂದನೆಯ ಭೂಮಿಪುತ್ರನು ಭಾಷೆಯ ಹೆಸರಿನಲ್ಲಿ ನೌಕರಿಯನ್ನು ಕೇಳುತ್ತಿದ್ದನು. ಎರಡನೆಯವನು ಸರಕಾರ ತೆಗೆದುಕೊಂಡ ಗದ್ದೆಯ ಲೆಕ್ಕವನ್ನು ಕೇಳುತ್ತಿದ್ದನು. ಈ ಎರಡನೆಯವನ ಜಮೀನನ್ನು ಪಡೆದುಕೊಂಡ ಪ್ರಭುತ್ವ ಮರಾಠಿ ಭಾಷಿಕರದೇ. ಒಂದನೆಯ ಪದಕ್ಕೆ ಕಿವಿ ಮುಚ್ಚಿಕೊಂಡ ನಾವು ಎರಡನೆಯದನ್ನೂ ಕೇಳಿಸಿಕೊಳ್ಳದೆ ಹೋದೆವು. ಭಾಷೆಯ ಗಡಿಯನ್ನೇ ಮುಖ್ಯವೆಂದು ಬಗೆದ ದೃಷ್ಟಿಗೆ ನೆಲದ ಗಡಿ ಕಾಣದಾಯಿತು.

ಕನ್ನಡವೂ ಈ ನೆಲದಲ್ಲಿ ಒಂದೇ ಪಾಳೆಯದಲ್ಲಿಲ್ಲ. ಕನ್ನಡ ಸಂಘಗಳಿರುವ ಡೊಂಬಿವಿಲಿ, ವಾಶಿಗಳ ಕಟ್ಟಡಗಳ ಕನ್ನಡ ಒಂದು. ಪಾರಸಿಕ ಬೆಟ್ಟಸಾಲಿನ ಕಲ್ಲುಗಣಿಗಳಲ್ಲಿ, ಕಟ್ಟಡ ಕಾಮಗಾರಿಗಳಲ್ಲಿ, ಬೆಳಗಿನ ನಾಕಾಗಳಲ್ಲಿ ಕೂಲಿಗಾಗಿ ನಿಲ್ಲುವ ವಡ್ಡರ, ವಿಜಯಪುರ–ಕಲಬುರಗಿ ಸೀಮೆಯ ಬಡವರ ಕನ್ನಡ ಇನ್ನೊಂದು. ಅಷ್ಟಭೋಗದ ‘ಪಾಷಾಣ’ವನ್ನು ಒಡೆಯುವ ಕೈಯ ಭಾಷೆಯೂ ಇಲ್ಲಿ ಕನ್ನಡವೇ. ಬೆಟ್ಟವನ್ನು ಕಳೆದುಕೊಂಡ ಕಾತ್ಕರಿ ಮತ್ತು ಬೆಟ್ಟವನ್ನು ಒಡೆಯಲು ಬಂದ ವಡ್ಡ ಒಬ್ಬರನ್ನೊಬ್ಬರು ಹೇಗೆ ಕಂಡರು? ಮುಂಬಯಿ ಕನ್ನಡ ಸಾಹಿತ್ಯದ ಚರಿತ್ರೆಗಳು ಈ ಪ್ರಶ್ನೆಗೆ ಇನ್ನೂ ಎಡೆ ಮಾಡಿಕೊಡಬೇಕಾಗಿದೆ.

೬

ಇಂಥ ಓದಿಗೆ ಬೇಕಾದ ಸಾಧನಗಳು ಕನ್ನಡದಲ್ಲಿ ಇಲ್ಲವೆನ್ನುವಂತಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಉಳುವ ಹಂಬಲವುಳ್ಳವನಿಗೆ ನೆಲವನ್ನು ನಿರಾಕರಿಸುವ ವ್ಯವಸ್ಥೆಯ ಕಥೆ. ಅವರ ‘ಕುಡಿಯರ ಕೂಸು’ ಮಲೆಕುಡಿಯರ ಕಾಡನ್ನು ರೂಪಕವಾಗಿಸದೆ ಬಾಳಾಗಿ ಕಂಡಿತು. ಶರಾವತಿ ಯೋಜನೆಯ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜರು (೧೯೩೭–೨೦೨೫) ‘ದ್ವೀಪ’ದಲ್ಲಿ ಪರಿಹಾರದ ಕಡತಕ್ಕೂ ಊರಿನ ಬದುಕಿಗೂ ಇರುವ ಅಂತರವನ್ನು ಕಥೆಯಾಗಿಸಿದರು. ಇವನ್ನು ‘ಒಳನಾಡಿನ’ ಕೃತಿಗಳೆಂದೂ ಚಿತ್ತಾಲ–ಕಾಯ್ಕಿಣಿಯವರವನ್ನು ‘ಹೊರನಾಡಿನ’ ಕೃತಿಗಳೆಂದೂ ಬೇರೆ ಬೇರೆ ಕಪಾಟುಗಳಲ್ಲಿ ಇರಿಸಿದ್ದರಿಂದ ಒಂದರ ಬೆಳಕು ಇನ್ನೊಂದರ ಮೇಲೆ ಬೀಳಲಿಲ್ಲ.

ಮರಾಠಿಯಲ್ಲಿ ಗೋದಾವರಿ ಪರುಳೇಕರರ ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ (೧೯೭೦) ವಾರ್ಲಿಗಳ ಬಂಡಾಯವನ್ನು ಅದರೊಳಗಿದ್ದವರೊಬ್ಬರು ಬರೆದ ಗ್ರಂಥ. ೧೯೭೨ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಅದಕ್ಕೆ ಸಂದಿತು. ಅದನ್ನೂ ‘ಚೋಮನ ದುಡಿ’ಯನ್ನೂ ಜೊತೆಗಿಟ್ಟು ಓದಿದರೆ ಹಲವು ಪ್ರಶ್ನೆಗಳು ಮೇಲೇಳುತ್ತವೆ. ಎರಡರಲ್ಲಿಯೂ ಸಾಲವೇ ಬಂಧನದ ಹಗ್ಗ. ಆದರೆ ಚೋಮನ ಪ್ರತಿಭಟನೆ ದುಡಿಯ ಸದ್ದಿನಲ್ಲಿಯೇ ಮುಗಿಯುತ್ತದೆ, ವಾರ್ಲಿಗಳದು ಸಂಘಟನೆಯಾಗುತ್ತದೆ. ಒಂದು ಕಡಲ ತೀರದ ಎರಡು ಕೃತಿಗಳಿಗೆ ಈ ಎರಡು ಮುಕ್ತಾಯಗಳು ಏಕೆ ಬಂದವು? ತೌಲನಿಕ ಅಧ್ಯಯನವೆಂದರೆ ಜ್ಞಾನೇಶ್ವರ–ಬಸವಣ್ಣ, ತುಕಾರಾಮ–ಪುರಂದರದಾಸ ಎಂಬ ಜೋಡಿಗಳಿಗೇ ಒಗ್ಗಿಹೋದ ನಮ್ಮ ವಿಭಾಗಗಳು ಇತ್ತಲೂ ಹೊರಳಬೇಕು.

ಮಧ್ಯಕಾಲೀನ ಸಾಹಿತ್ಯವನ್ನು ಅಭ್ಯಸಿಸುವವರಿಗೂ ಇಲ್ಲಿ ಕೆಲಸವುಂಟು. ಆಗ್ರಿ, ಕೋಳಿ ಮತ್ತು ವಾರ್ಲಿಗಳ ಮದುವೆಗಳಲ್ಲಿ ಪೌರೋಹಿತ್ಯವನ್ನು ನಡೆಸುವ ಹೆಣ್ಣುಮಕ್ಕಳಿದ್ದಾರೆ. ಅವರು ಹಾಡುವುದು ‘ಧವಳೆ’. ಮಹಾನುಭಾವ ಪಂಥದ ಮಹದಂಬೆಯ ೧೩ನೆಯ ಶತಮಾನದ ರಚನೆಗೂ ಅದೇ ಹೆಸರು. ನಮ್ಮ ಪ್ರಾಚೀನ ಕಾವ್ಯಗಳ ವಿವಾಹ ಪ್ರಸಂಗಗಳಲ್ಲಿ ಧವಳ ಮಂಗಳಗೀತಗಳ ಉಲ್ಲೇಖ ಅಪರೂಪವಲ್ಲ. ಕನ್ನಡ ಕಾವ್ಯದಲ್ಲಿ ಹೆಸರಾಗಿ ಉಳಿದ ಒಂದು ಗೀತಪ್ರಕಾರವು ಇಲ್ಲಿ ಬಾಯಲ್ಲಿ ಉಳಿದಿದೆ. ‘ಕನ್ನಡದ ಕುರುಹು’ ಎಂದು ಅದನ್ನು ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುವ ಆತುರವನ್ನು ಬಿಟ್ಟು, ಹಾಡುವವರ ಹೆಸರಿನಲ್ಲಿಯೇ, ಅವರ ಒಪ್ಪಿಗೆಯಿಂದ ದಾಖಲಿಸುವುದು ಮೊದಲ ಹೆಜ್ಜೆಯಾಗಬೇಕು. ಗಾವಠಾಣಗಳು ಬಹುಮಹಡಿ ಕಟ್ಟಡಗಳ ನಡುವೆ ಕರಗುತ್ತಿರುವಾಗ ಈ ಕೆಲಸಕ್ಕೆ ಕಾಲಾವಕಾಶ ಬಹಳವಿಲ್ಲ.

ಎರಡನೆಯದಾಗಿ, ಮುಂಬಯಿ ಕನ್ನಡ ಕೃತಿಗಳನ್ನು ಕುರಿತ ಪ್ರತಿ ಸಂಶೋಧನ ಪ್ರಬಂಧದಲ್ಲಿಯೂ ಸ್ಥಳದ ಅಧ್ಯಯನಕ್ಕೆ ಒಂದು ಅಧ್ಯಾಯವಿರಬೇಕು. ಕಥೆ ನಡೆಯುವ ಬಡಾವಣೆ ಮೊದಲು ಏನಾಗಿತ್ತು? ಗದ್ದೆಯೇ, ಆಗರವೇ, ಕಾಂದಳ ಕಾಡೇ? ಯಾವ ವರ್ಷ ಯಾರಿಂದ ಯಾರಿಗೆ ಹೋಯಿತು? ಕೃತಿಯ ಮೌನವು ಆ ಉತ್ತರದ ಎದುರಿನಲ್ಲಿ ಹೇಗೆ ಕೇಳಿಸುತ್ತದೆ? ಹಳಗನ್ನಡ ಕಾವ್ಯದ ದೇಶ–ಕಾಲಗಳನ್ನು ನಿರ್ಣಯಿಸಲು ಶಾಸನದ ಒಂದೊಂದು ಅಕ್ಷರವನ್ನೂ ಬಿಡದೆ ಓದುವ ಪರಂಪರೆ ನಮ್ಮದು. ಅದೇ ಶ್ರದ್ಧೆಯನ್ನು ಸಾತ್‌ಬಾರಾ ಉತಾರ, ಭೂಸ್ವಾಧೀನದ ಅಧಿಸೂಚನೆ, ನ್ಯಾಯಪೀಠದ ಆದೇಶಗಳಿಗೂ ತೋರಬಹುದು. ಅವೂ ನೆಲವನ್ನು ಕುರಿತ ಶಾಸನಗಳೇ.

ಇದರ ಪ್ರಯೋಜನ ಠಾಣೆಗೆ ಸೀಮಿತವಲ್ಲ. ಮುಲುಂಡ, ಭಾಂಡೂಪ, ಕಾಂಜೂರಮಾರ್ಗಗಳ ೨೫೦ಕ್ಕೂ ಹೆಚ್ಚು ಎಕರೆ ಉಪ್ಪಿನ ಆಗರವನ್ನು ಧಾರಾವಿಯವರ ಪುನರ್ವಸತಿಯ ವಸತಿಗಳಿಗಾಗಿ ಪಡೆಯುವ ನಿರ್ಧಾರ ೨೦೨೪ರಲ್ಲಾಯಿತು. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಊರುಗಳು ಎದ್ದುಹೋದುದು ಹಳೆಯ ಮಾತು. ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ನಿಂತದ್ದು ಈಚಿನ ವರ್ಷಗಳ ಮಾತು. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲೆಯೇ ಅದು. ಅಲ್ಲಿಯ ಮೀನುಗಾರನ ಮಾತನ್ನು ‘ನಮ್ಮ ನಾಡಿನ ಸಮಸ್ಯೆ’ಯೆಂದು ಕೇಳಿಸಿಕೊಂಡು, ಉರಣದ ಕೋಳಿಯ ಅದೇ ಮಾತನ್ನು ಪರರಾಜ್ಯದ ಸುದ್ದಿಯೆಂದು ಬಿಡುವ ವಿಮರ್ಶೆ ಎರಡನ್ನೂ ಅರ್ಧವೇ ಅರಿತೀತು. ಎರಡು ಭಾಷೆಗಳ ನಡುವೆ, ಎರಡು ದಡಗಳ ನಡುವೆ ಬದುಕುವ ಹೊರಗಿನ ಕನ್ನಡ ಸಂಶೋಧಕನಿಗೆ ಆ ಎರಡನ್ನೂ ಕೂಡಿಸಿ ಕೇಳುವ ಅನುಕೂಲ ತಾನಾಗಿ ಒದಗಿದೆ. ಅದನ್ನು ಬಳಸಿಕೊಂಡಾಗ, ಆಕರವನ್ನು ಹುಡುಕಿ ಹೊರಟವನು ಆಗರದ ಒಡ್ಡಿನ ಮೇಲೆ ನಡೆಯದೆ ಇರಲಾರನು.